ಕಂಬ ಕೊಂಡರೆ ಮನೆ ಉಳಿಯಲ್ಲ

ಟೋಕಿಯೋ ಪಕ್ಕದ ಕವಾಸಾಕಿಯಲ್ಲಿ 'ನಿಹೋನ್ ಮಿಂಕಾ-ಎನ್' ಅಂತ ಒಂದು ಬಯಲು ಮ್ಯೂಸಿಯಂ ಇದೆ. ಶಿಂಜುಕುನಲ್ಲಿ ಒದಾಕ್ಯೂ ರೈಲು ಹತ್ತಿ, ಮುಕೋಗಾವೊಕಾ-ಯೂಎನ್ ಸ್ಟೇಷನ್ನಿನಲ್ಲಿ ಇಳಿದು ಹತ್ತು-ಹದಿನೈದು ನಿಮಿಷ ನಡೆದರೆ ಸಾಕು. ಮರಗಳಿಂದ ತುಂಬಿದ ಗುಡ್ಡದ ಮೇಲೆ ಸುಮಾರು 25 ಹಳೆಯ ಕಟ್ಟಡಗಳು ಸಿಗುತ್ತವೆ. 'ಮಿಂಕಾ' ಅಂದರೆ ಜನರ ಮನೆ: ರೈತರದ್ದು, ವ್ಯಾಪಾರಿಗಳದ್ದು, ಊರ ಪಟೇಲರದ್ದು. ಅರಮನೆ, ದೇವಾಲಯ ಅಲ್ಲ. ಬೇರೆ ಬೇರೆ ಊರುಗಳಲ್ಲಿದ್ದ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ.

ಜಪಾನಿನಲ್ಲಿರುವ ಕನ್ನಡದವರು, ಅದರಲ್ಲೂ ಮಲೆನಾಡು, ಕರಾವಳಿ, ಕೊಡಗಿನ ಕಡೆಯವರು ಇಲ್ಲಿಗೆ ಹೋಗಿ ಬಂದರೆ ಒಂದು ಮಾತು ತಪ್ಪದೆ ಹೇಳುತ್ತಾರೆ: "ನೋಡಿ, ಇವರು ಹೇಗೆ ಉಳಿಸಿಕೊಂಡಿದ್ದಾರೆ. ನಮ್ಮವರಿಗೆ ಬುದ್ಧಿ ಇಲ್ಲ." ನೀವೂ ಹೇಳಿರಬಹುದು. ಇಲ್ಲವಾದರೆ ನಿಮ್ಮ ಅಪ್ಪ-ಅಮ್ಮ ಹೇಳಿದ್ದನ್ನು ಕೇಳಿರಬಹುದು.

ಈ ಬರಹ ಆ ಮಾತಿನ ವಿರುದ್ಧ.

ಕೇಳೋಕೆ ಅದು ವಿನಯದ ಮಾತಿನ ಹಾಗಿದೆ. ನನ್ನ ಪ್ರಕಾರ ಅದು ಸೋಮಾರಿತನ. 'ನಮ್ಮವರು' ಅಂತ ಬೈಯುವಾಗ ಆ ಗುಂಪಿನಿಂದ ನಾವು ಮೆಲ್ಲಗೆ ಹೊರಗೆ ಬಂದಿರುತ್ತೇವೆ. ಊರಿನಲ್ಲಿರುವ ದೊಡ್ಡಪ್ಪನ ಮಕ್ಕಳು ಮನೆ ಕೆಡವಿದರು, ಪಂಚಾಯಿತಿಯವರು ನೋಡಿಕೊಳ್ಳಲಿಲ್ಲ, ಸರ್ಕಾರಕ್ಕೆ ಕಾಳಜಿ ಇಲ್ಲ. ನಾವು ಮಾತ್ರ ಕವಾಸಾಕಿಯಲ್ಲಿ ಟಿಕೆಟ್ ತೆಗೆದುಕೊಂಡು ನಿಟ್ಟುಸಿರು ಬಿಟ್ಟೆವು. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತಾ?

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಜಪಾನಿನವರು ಹುಟ್ಟಿನಿಂದಲೇ ಹಳೆಯದನ್ನು ಕಾಪಾಡುವ ಜನ ಅನ್ನೋದು ಸುಳ್ಳು. ಎರಡನೇ ಮಹಾಯುದ್ಧದ ನಂತರ ಆರ್ಥಿಕತೆ ಓಡಲು ಶುರುವಾದಾಗ ಅವರೂ ಹಳ್ಳಿಯ ಮರದ ಮನೆಗಳನ್ನು ಬೇಕಾದಷ್ಟು ಕೆಡವಿದರು. ಈ ಮ್ಯೂಸಿಯಂಗಳ ಇಸವಿಗಳನ್ನೇ ನೋಡಿ. ಒಸಾಕಾ ಪಕ್ಕದ ತೊಯೊನಾಕಾದಲ್ಲಿರುವ ಹಳೆಯ ರೈತ ಮನೆಗಳ ಮ್ಯೂಸಿಯಂ 1956. ಕವಾಸಾಕಿಯದು 1967. ತಕಾಯಾಮಾದ ಹಿದಾ ನೋ ಸಾತೋ 1971. ತಕಾಮಾತ್ಸುವಿನ ಶಿಕೋಕು-ಮುರಾ 1976. ಎಲ್ಲವೂ ಇಪ್ಪತ್ತು ವರ್ಷಗಳೊಳಗೆ. ಹಳ್ಳಿಯ ಹುಡುಗರೆಲ್ಲ ರೈಲು ಹತ್ತಿ ಕಾರ್ಖಾನೆಗೆ ಹೊರಟ ಕಾಲ ಅದು, ಹುಲ್ಲಿನ ಮಾಡಿನ ಮೇಲೆ ತಗಡು ಬಂದ ಕಾಲ. ಮನೆಗಳು ಕಣ್ಮುಂದೆ ಮಾಯವಾಗುತ್ತಿದ್ದದ್ದಕ್ಕೇ ಮ್ಯೂಸಿಯಂ ಬಂತು. ಅದು ಹೆಮ್ಮೆಯಿಂದ ಹುಟ್ಟಿದ್ದಲ್ಲ, ಗಾಬರಿಯಿಂದ ಹುಟ್ಟಿದ್ದು.

ಕವಾಸಾಕಿಯ ಕಥೆ ಇನ್ನೂ ಚಿಕ್ಕದು. ಅದೇ ಊರಿನ ಇತೋ ಮನೆತನದ ಹಳೆಯ ಮನೆಯನ್ನು ಪಕ್ಕದ ಯೊಕೊಹಾಮಾಕ್ಕೆ ಸಾಗಿಸುವ ಮಾತು ಬಂತು. ನಮ್ಮ ಊರಿನ ಮನೆ ನಮ್ಮ ಊರಿನಲ್ಲೇ ಇರಲಿ ಅಂತ ಇಲ್ಲಿಯವರು ಹಟ ಹಿಡಿದರು. ಆ ಹಟದಿಂದ ಮ್ಯೂಸಿಯಂ ಬೆಳೆಯಿತು. ಅಂದರೆ ಒಂದು ಮನೆ, ಸ್ವಲ್ಪ ಜನ, ಸ್ವಲ್ಪ ಜಗಳ. ಇದರಲ್ಲಿ ಜಪಾನಿ ರಕ್ತದ ಮಹಿಮೆ ಏನೂ ಇಲ್ಲ. ಇವತ್ತಿಗೂ ಆ ದೇಶದಲ್ಲಿ ಖಾಲಿ ಬಿದ್ದಿರುವ ಮನೆಗಳು, ಅವರು 'ಅಕಿಯಾ' ಅನ್ನುವಂಥವು, 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಸುಮಾರು 90 ಲಕ್ಷ. ಒಟ್ಟು ಮನೆಗಳಲ್ಲಿ ಶೇ. 13.8. ಅವುಗಳಲ್ಲಿ ಎಷ್ಟೋ ಹಳ್ಳಿಯ ಮನೆಗಳು ಹಾಗೇ ಕುಸಿಯುತ್ತಿವೆ. ಇಪ್ಪತ್ತೈದು ನೋಡಿ ಮರುಳಾಗುವ ಮುಂಚೆ ಈ ಲೆಕ್ಕವೂ ತಲೆಯಲ್ಲಿರಲಿ.

ಇನ್ನೊಂದು ಕಥೆ ಹೇಳುತ್ತೇನೆ, ಇದು ನಮಗೆ ಇನ್ನೂ ಹತ್ತಿರದ್ದು. ಜಪಾನಿನ ಗಿಫು ಪ್ರಾಂತ್ಯದಲ್ಲಿ ಶೋಕಾವಾ ನದಿಗೆ ಮಿಬೊರೋ ಅಣೆಕಟ್ಟು ಕಟ್ಟಿದರು. ವಿದ್ಯುತ್ತಿಗಾಗಿ. ಊರಿನವರು ವರ್ಷಗಟ್ಟಲೆ ವಿರೋಧಿಸಿದರು, ಆದರೂ 1961ರಲ್ಲಿ ಅಣೆಕಟ್ಟು ಮುಗಿಯಿತು, ಕಣಿವೆ ಮುಳುಗಿತು. ಮುಳುಗುವ ಮುಂಚೆ ಅಲ್ಲಿಯ ಕೆಲವು ದೊಡ್ಡ ಮನೆಗಳನ್ನು ಬಿಚ್ಚಿ ಹೊರಗೆ ತಂದರು. ವಕಾಯಾಮಾ ಮನೆತನದ ಮನೆ ತಕಾಯಾಮಾಕ್ಕೆ ಹೋಯಿತು, ಯಾನೋಹಾರಾ ಮನೆತನದ್ದು ಯೊಕೊಹಾಮಾದ ಸಂಕೇಯೆನ್ ತೋಟಕ್ಕೆ ಬಂತು. ಎರಡು ಮುದಿ ಚೆರಿ ಮರಗಳನ್ನೂ ಬೇರುಸಹಿತ ಎತ್ತಿ ದಡದ ಮೇಲೆ ನೆಟ್ಟರು.

ಅದಾದ ಮೂರೇ ವರ್ಷಕ್ಕೆ, 1964ರಲ್ಲಿ, ನಮ್ಮ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದೂ ವಿದ್ಯುತ್ತಿಗಾಗಿಯೇ. ಸಾಗರದ ಕಡೆಯ ಊರುಗಳು ನೀರಿನಡಿ ಹೋದವು. 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಈಗಲೂ ತಲೆ ಎತ್ತುತ್ತದೆ. ಆ ಮುಳುಗಡೆಯ ಬದುಕು ಹೇಗಿತ್ತು ಅಂತ ನಮ್ಮಂಥವರಿಗೆ ತಿಳಿಯೋದು ಹೆಚ್ಚಾಗಿ ನಾ. ಡಿಸೋಜ ಅವರ ಕಾದಂಬರಿಗಳಿಂದ. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಅದು ದೊಡ್ಡ ಕೊಡುಗೆ, ಮಾತಿಲ್ಲ. ಆದರೆ ಒಂದು ಊರಿನ ಜಗಲಿ ಎಷ್ಟು ಅಗಲ ಇತ್ತು, ಕಂಬ ಯಾವ ಮರದ್ದು, ಅಟ್ಟಕ್ಕೆ ಏಣಿ ಎಲ್ಲಿತ್ತು ಅನ್ನೋದನ್ನು ಕಾದಂಬರಿಯಿಂದ ಅಳೆಯೋಕೆ ಆಗಲ್ಲ.

ಹೋಲಿಕೆಯಿಂದ ನಾನು ಹೇಳುತ್ತಿರೋದು ಅವರು ಒಳ್ಳೆಯವರು, ನಾವು ಕೆಟ್ಟವರು ಅಂತಲ್ಲ. ಊರು ಅಲ್ಲೂ ಮುಳುಗಿತು, ಇಲ್ಲೂ ಮುಳುಗಿತು. ವಿರೋಧಿಸಿದವರು ಅಲ್ಲೂ ಸೋತರು. ವ್ಯತ್ಯಾಸ ಒಂದೇ: ಸೋಲುವ ಮುಂಚೆ ಅಲ್ಲಿ ಯಾರೋ ಟೇಪು ಹಿಡಿದು ಅಳೆದರು, ಬರೆದಿಟ್ಟರು.

ಆ ಅಳೆಯುವ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನೋಡಿ. ಮನೆ ಬಿಚ್ಚುವ ಮುಂಚೆ ಪೂರ್ತಿ ನಕ್ಷೆ ಬರೆಯುತ್ತಾರೆ, ಫೋಟೋ ತೆಗೆಯುತ್ತಾರೆ. ಪ್ರತಿ ಕಂಬ, ಪ್ರತಿ ತೊಲೆಗೆ ಒಂದು ಗುರುತಿನ ಚೀಟಿ. ಆಮೇಲೆ ಒಂದೊಂದಾಗಿ ಬಿಚ್ಚುತ್ತಾರೆ. ಮರಕ್ಕೆ ಮರ ಕಚ್ಚಿಸಿ ಕಟ್ಟಿದ ಮನೆ ಆದ್ದರಿಂದ ಬಿಚ್ಚೋಕೆ ಬರುತ್ತದೆ. ಕಂಬದ ಬುಡ ಕೊಳೆತಿದ್ದರೆ ಅಷ್ಟು ಭಾಗ ಮಾತ್ರ ಕತ್ತರಿಸಿ ಹೊಸ ಮರ ಬೆಸೆಯುತ್ತಾರೆ.

ಮಿಂಕಾ-ಎನ್‌ನಲ್ಲಿ ಹದಾನೋ ಊರಿನಿಂದ ಬಂದ ಕಿತಾಮುರಾ ಮನೆತನದ ಮನೆ ಇದೆ. ಅದು ಕಟ್ಟಿದ್ದು 1687ರಲ್ಲಿ. ಬೆಂಗಳೂರು ಮೊಘಲರ ಕೈಯಿಂದ ಚಿಕ್ಕದೇವರಾಜ ಒಡೆಯರ ಕೈಗೆ ಬಂದದ್ದೂ ಹೆಚ್ಚುಕಡಿಮೆ ಆಗಲೇ. ಆ ಇಸವಿ ಗೊತ್ತಾದದ್ದು ಹೇಗೆ? ಒಂದು ಕಂಬದ ತುದಿಯಲ್ಲಿ, ಇನ್ನೊಂದು ಮರದ ತೂತಿನೊಳಗೆ ಸೇರಿಕೊಳ್ಳುವ ಜಾಗದಲ್ಲಿ, ಮಸಿಯಲ್ಲಿ ಬರೆದಿತ್ತು. ಮನೆ ನಿಂತಿರುವ ತನಕ ಯಾರ ಕಣ್ಣಿಗೂ ಕಾಣದ ಜಾಗ. ಕಂಬವನ್ನು ಗರಗಸದಲ್ಲಿ ಕೊಯ್ದು ಮಾರಿದ್ದರೆ ಆ ಅಕ್ಷರ ಮರದ ಪುಡಿಯ ಜೊತೆ ಹೋಗುತ್ತಿತ್ತು.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲಿ ಈ ಕೆಲಸ ಯಾರೂ ಮಾಡಿಲ್ಲ ಅನ್ನೋದೂ ಸುಳ್ಳು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅಂತ ಒಬ್ಬರಿದ್ದರು, ಬ್ಯಾಂಕಿನಲ್ಲಿ ನೌಕರಿ ಮಾಡಿಕೊಂಡಿದ್ದವರು. ಕೆಡವುತ್ತಿದ್ದ ಮನೆಗಳನ್ನು ಹುಡುಕಿಕೊಂಡು ಹೋಗಿ, ಬಿಚ್ಚಿಸಿ, ಲಾರಿಯಲ್ಲಿ ತಂದು ಮತ್ತೆ ಕಟ್ಟಿಸಿದರು. ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಎಲ್ಲ ಇವತ್ತು ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ನಿಂತಿವೆ. ಅವರು 2017ರಲ್ಲಿ ತೀರಿಕೊಂಡರು. ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆ ಇದೆ. ಮಂಗಳೂರಿನ ಪಿಲಿಕುಳದಲ್ಲಿ ಗುತ್ತಿನ ಮನೆ ಇದೆ. ಕೊಡಗಿನಲ್ಲಿ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಮನೆ ಎತ್ತಿ ಸಾಗಿಸುವ ಗೋಜಿಗೇ ಹೋಗಲಿಲ್ಲ. ಊರೂರು ಸುತ್ತಿ ಐನ್‌ಮನೆಗಳನ್ನು ದಾಖಲಿಸಿದರು: ಯಾವ ಮನೆತನ, ಯಾವ ಊರು, ಮನೆ ಈಗ ಹೇಗಿದೆ. ಪುಸ್ತಕ ಮಾಡಿದರು. ಇದಕ್ಕೆ ಬೇಕಾದದ್ದು ಕಾಲು, ಕ್ಯಾಮೆರಾ, ತಾಳ್ಮೆ.

ಹಾಗಾದರೆ ಉಳಿದ ಮನೆಗಳು ಎಲ್ಲಿಗೆ ಹೋಗುತ್ತಿವೆ? ತುಂಡು ತುಂಡಾಗಿ ಮಾರುಕಟ್ಟೆಗೆ. ಕಾರೈಕುಡಿಯ ಅಂಗಡಿ ಸಾಲು, ಕೊಚ್ಚಿಯ ಮಟ್ಟಂಚೇರಿಯ ಗಲ್ಲಿಗಳನ್ನು ನೀವು ನೋಡಿರಬಹುದು. ಕಂಬ ಒಂದು ಕಡೆ, ಬಾಗಿಲು ಒಂದು ಕಡೆ, ತೊಟ್ಟಿಲು ಇನ್ನೊಂದು ಕಡೆ. ಯಾವ ಊರಿನದು ಅಂತ ಕೇಳಿದರೆ "ಒರಿಜಿನಲ್ ಪೀಸ್ ಸರ್, ನೂರೈವತ್ತು ವರ್ಷದ್ದು" ಅಂತ ಉತ್ತರ. ಆ ಪೀಸು ಆಮೇಲೆ ರೆಸಾರ್ಟಿನ ಲಾಬಿಯಲ್ಲೋ, ಕಾಫಿ ಶಾಪಿನಲ್ಲೋ, ಹತ್ತನೇ ಮಹಡಿಯ ಫ್ಲ್ಯಾಟಿನ ಹಾಲಿನಲ್ಲೋ ನಿಲ್ಲುತ್ತದೆ. ತೊಲೆ ಇಲ್ಲದ ಕಂಬ, ಏನನ್ನೂ ಹೊರದ ಕಂಬ.

ಕೊಳ್ಳುವವರು ಯಾರು? ಇಲ್ಲಿ ಸ್ವಲ್ಪ ನೇರವಾಗಿ ಮಾತಾಡೋಣ. ಬಹಳ ಸಲ ನಾವೇ. ಡಾಲರ್, ಯೆನ್, ದಿರ್ಹಾಮ್ ಸಂಪಾದಿಸಿ ಊರು ಕಳೆದುಕೊಂಡ ನೋವಿಗೆ ಊರಿನ ತುಂಡು ಕೊಳ್ಳುವವರು. ಯಾರದೋ ಅಜ್ಜಿಯ ಮನೆಯ ಬಾಗಿಲನ್ನು ನಮ್ಮ ಅಜ್ಜಿಯ ನೆನಪಿಗೆ ಅಂತ ಗೋಡೆಗೆ ಒರಗಿಸಿಕೊಳ್ಳುತ್ತೇವೆ. ಅತ್ತ ನಮ್ಮ ಅಜ್ಜಿಯ ಮನೆಯ ಬಾಗಿಲು ಇನ್ಯಾರದೋ ಗೋಡೆಗೆ ಒರಗಿರುತ್ತದೆ. ಇದನ್ನು ಉಳಿಸುವುದು ಅಂತ ಕರೆಯೋಕೆ ನಾನು ಒಪ್ಪಲ್ಲ. ಬೇಡಿಕೆ ಇದ್ದಷ್ಟೂ ಕೆಡವುವವರಿಗೆ ಲಾಭ.

"ಹಾಗಂತ ಹಳೆಯ ಮನೆಯಲ್ಲೇ ಇರಬೇಕಾ? ನೀವು ಬಂದು ಇರ್ತೀರಾ?" ಅಂತ ಊರಿನವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಸೋರುವ ಮಾಡು, ಗೆದ್ದಲು, ಕತ್ತಲೆ ಕೋಣೆ, ದೂರದ ಬಚ್ಚಲು, ಹನ್ನೊಂದು ಜನ ಪಾಲುದಾರರು. ಡಿಸೆಂಬರ್ ರಜದಲ್ಲಿ ಎಂಟು ದಿನ ಬಂದು ಫೋಟೋ ತೆಗೆದುಕೊಂಡು ಹೋಗುವವರಿಗೆ, ಜೂನ್ ಮಳೆಯಲ್ಲಿ ಹಂಚು ಸರಿಪಡಿಸುವವರಿಗೆ ಬುದ್ಧಿ ಹೇಳುವ ಹಕ್ಕಿಲ್ಲ. ಕೆಡವಬೇಕು ಅನ್ನಿಸಿದರೆ ಅವರು ಕೆಡವಲಿ. ನನ್ನ ವಾದ ಅವರ ಮೇಲಲ್ಲ.

ಜಪಾನಿನಲ್ಲೂ ಮನೆ ನಿಂತಲ್ಲೇ ನಿಲ್ಲಬೇಕಾದರೆ ಅಲ್ಲಿ ಇರುವವರೇ ತೀರ್ಮಾನಿಸಬೇಕಾಯಿತು. ಶಿರಾಕಾವಾ-ಗೋದ ಒಗಿಮಾಚಿ ಹಳ್ಳಿಯವರು 1971ರಲ್ಲಿ ತಮ್ಮತಮ್ಮಲ್ಲೇ ಮೂರು ನಿಯಮ ಮಾಡಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಸರ್ಕಾರದ ಸಂರಕ್ಷಣೆ 1976ರಲ್ಲಿ ಬಂತು, ಯುನೆಸ್ಕೋ ಪಟ್ಟಿ 1995ರಲ್ಲಿ. ಅಲ್ಲಿಯ ಕೈ ಮುಗಿದಂಥ ಕಡಿದಾದ ಹುಲ್ಲಿನ ಮಾಡನ್ನು ಹೊದಿಸೋಕೆ ಇಡೀ ಊರು ಸೇರುತ್ತಿತ್ತು. ಇವತ್ತು ನಿಮ್ಮ ಮನೆಗೆ ನಾನು, ನಾಳೆ ನನ್ನ ಮನೆಗೆ ನೀವು. ಅದಕ್ಕೆ ಅವರು 'ಯುಯಿ' ಅನ್ನುತ್ತಾರೆ. ನಮ್ಮಲ್ಲೂ ಅದಕ್ಕೆ ಒಂದು ಪದ ಇದೆ: ಮುಯ್ಯಾಳು. ಆ ಮಾಡಿನ ಕೆಳಗಿನ ಅಟ್ಟದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ರಾಮನಗರ, ಶಿಡ್ಲಘಟ್ಟದ ಕಡೆ ಮನೆಯೊಳಗೆ ಚಂದ್ರಿಕೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಯ್ಯಾಳು ಅನ್ನುವ ಪದ ನಿಮಗೆ ಗೊತ್ತಿತ್ತಾ? ಗೊತ್ತಿರದಿದ್ದರೆ ತಪ್ಪು ನಿಮ್ಮದಲ್ಲ. ವಿದೇಶದಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ನಾವು ಕೊಡೋದು 'ಮನೆ, ಕೋಣೆ, ಬಾಗಿಲು, ಕಿಟಕಿ'. ಇದು ಫ್ಲ್ಯಾಟಿನ ಕನ್ನಡ. ಒಂದು ಮನೆ ಕೆಡವಿದಾಗ ಅದರ ಜೊತೆ ಒಂದು ಕಂತೆ ಪದಗಳೂ ಹೋಗುತ್ತವೆ. ಮಿಂಕಾ-ಎನ್‌ಗೆ ಬರುವ ಶಾಲೆಯ ಮಗು ಮೂರು ಪದ ಕಲಿತು ಹೋಗಬಹುದು: ಮಣ್ಣಿನ ನೆಲದ ಕೆಲಸದ ಜಾಗ 'ದೋಮಾ', ನೆಲದಲ್ಲಿ ಅಗೆದ ಒಲೆ 'ಇರೋರಿ', ಹೊರಗಿನ ಮರದ ಜಗಲಿ 'ಎಂಗಾವಾ'. ಸ್ವಯಂಸೇವಕರು ಆ ಒಲೆಗೆ ನಿಜವಾಗಿ ಬೆಂಕಿ ಹಾಕುತ್ತಾರೆ, ಯಾಕೆಂದರೆ ಹೊಗೆ ಇಲ್ಲದಿದ್ದರೆ ಮಾಡಿನ ಹುಲ್ಲಿಗೆ ಹುಳ ಬೀಳುತ್ತದೆ. ಪದ, ಬೆಂಕಿ, ಹುಲ್ಲು ಒಟ್ಟಿಗೇ ಬದುಕುತ್ತವೆ.

ನಮ್ಮ ಮಗುವಿಗೆ ಜಗಲಿ ಗೊತ್ತಿರಬಹುದು. ಪಡಸಾಲೆ? ನಡುಮನೆ? ಮಧ್ಯದಲ್ಲಿ ಆಕಾಶಕ್ಕೆ ತೆರೆದ ತೊಟ್ಟಿ? ಕಂಬದ ತಲೆಯ ಮೇಲೆ ಕೂತು ತೊಲೆಯ ಭಾರ ಹೊರುವ ಬೋದಿಗೆ? ತೊಲೆಗಳ ಮೇಲೆ ಅಡ್ಡ ಹಾಸಿದ ಜಂತೆ? ಬಾಗಿಲಿನ ಹಿಂದೆ ಅಡ್ಡ ಹಾಕುವ ಅಗುಳಿ? ಗೋಡೆಯ ಎತ್ತರದಲ್ಲಿ ಸಾಮಾನು ಇಡುವ ನಾಗಂದಿಗೆ? ಮಣ್ಣಿನ ಮಾಳಿಗೆಯಿಂದ ಬೆಳಕು ಇಳಿಸುವ ಬೆಳಕಿಂಡಿ? ನೆಲದೊಳಗೆ ಜೋಳ ತುಂಬಿಡುವ ಹಗೇವು? ಉತ್ತರ ಕರ್ನಾಟಕದ ಮನೆ ಬೇರೆ, ಮಲೆನಾಡಿನದು ಬೇರೆ, ತುಳುನಾಡಿನ ಚಾವಡಿ ಬೇರೆ. ಪದಗಳೂ ಬೇರೆ. ಇವು ನಿಘಂಟಿನಲ್ಲಿ ಸಿಗುತ್ತವೆ, ಸರಿ. ಆದರೆ ನಿಮ್ಮ ಮನೆಯಲ್ಲಿ ಯಾವ ಜಾಗಕ್ಕೆ ಏನಂತ ಕರೆಯುತ್ತಿದ್ದರು ಅನ್ನೋದು ಯಾವ ನಿಘಂಟಿನಲ್ಲೂ ಇಲ್ಲ. ಅದು ಎಂಬತ್ತು ದಾಟಿದ ಒಬ್ಬರ ಬಾಯಲ್ಲಿದೆ.

ಮ್ಯೂಸಿಯಂ ಕೂಡ ಇದನ್ನು ಮಾಡಿಕೊಡೋಕೆ ಆಗಲ್ಲ. ಮನೆಯನ್ನು ಮತ್ತೆ ಕಟ್ಟುವಾಗ ಸಾಮಾನ್ಯವಾಗಿ ಅದರ ಹಳೆಯ ರೂಪಕ್ಕೆ ಒಯ್ಯುತ್ತಾರೆ. ಆಮೇಲೆ ಸೇರಿಸಿದ ಗೋಡೆ, ಕಿಟಕಿ, ವಿದ್ಯುತ್ ದೀಪ ಎಲ್ಲ ಹೋಗುತ್ತದೆ. ಮನೆ 1687ಕ್ಕೆ ವಾಪಸ್ ಹೋದರೆ ಅದರಲ್ಲಿ 1950ರ ರೇಡಿಯೋ ಇರಲ್ಲ, ಆ ರೇಡಿಯೋ ಕೇಳಿದವರೂ ಇರಲ್ಲ.

ಇನ್ನೊಂದು ಮಾತು ಹೇಳದೆ ಹೋದರೆ ಈ ವಾದ ಬರೀ ಹಳಹಳಿಕೆ ಆಗುತ್ತದೆ. ಹಳೆಯ ಮನೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಜಪಾನಿನ ಪಟೇಲರ ಮನೆಗಳಲ್ಲಿ ಅಧಿಕಾರಿಗಳು ಬಂದಾಗ ಮಾತ್ರ ಬಳಸುವ ಬೇರೆ ಬಾಗಿಲು ಇರುತ್ತಿತ್ತು. ನಮ್ಮಲ್ಲಿ ಲೆಕ್ಕ ಇನ್ನೂ ಕಠಿಣ. ಯಾವ ಜಾತಿಯವರು ಅಂಗಳದಲ್ಲಿ ನಿಲ್ಲಬೇಕು, ಯಾರು ಜಗಲಿ ಹತ್ತಬಹುದು, ಯಾರು ನಡುಮನೆಗೆ ಬರಬಹುದು ಅಂತ ಹೊಸ್ತಿಲು ಹೊಸ್ತಿಲಿಗೂ ಕಾನೂನು. ತಿಂಗಳಿಗೆ ಮೂರು ದಿನ ಹೆಂಗಸರು ಎಲ್ಲಿ ಕೂರುತ್ತಿದ್ದರು, ಹೊಗೆ ತುಂಬಿದ ಅಡುಗೆಮನೆಯಲ್ಲಿ ಯಾರ ಕಣ್ಣು ಹಾಳಾಯಿತು, ವಿಧವೆ ಅತ್ತೆಗೆ ಯಾವ ಕೋಣೆ. ಆಂಟಿಕ್ ಅಂಗಡಿಯ ಬಾಗಿಲು ಇದನ್ನೆಲ್ಲ ಒರೆಸಿ ಹಾಕಿ ಬರೀ ಕೆತ್ತನೆ ಮಾರುತ್ತದೆ. ಆ ಬಾಗಿಲಿನ ಹೊರಗೆ ಯಾರನ್ನು ನಿಲ್ಲಿಸಿದ್ದರು ಅನ್ನೋದು ಗೊತ್ತಿಲ್ಲದೆ ಅದರ ಚಂದ ಹೊಗಳೋದು ನನಗೆ ಸರಿ ಕಾಣಲ್ಲ. ಹೆಸರು, ಊರು, ಪದ ಬರೆದಿಡಬೇಕು ಅನ್ನುವಾಗ ಈ ನಿಯಮಗಳನ್ನೂ ಬರೆದಿಡಬೇಕು. ಮನೆಯವರಿಗೆ ಮುಜುಗರ ಆದರೂ ಸರಿ. ಸಾಧ್ಯವಾದರೆ ಹೊರಗೆ ನಿಂತವರ ಮನೆಯವರನ್ನೂ ಕೇಳಿ. ಅವರ ಗುಡಿಸಲು ಯಾವ ಮ್ಯೂಸಿಯಂಗೂ ಬರೋದು ಅಪರೂಪ.

ಹಾಗಾದರೆ ನೀವು ಮಾಡಬೇಕಾದದ್ದು ಏನು? ಮ್ಯೂಸಿಯಂ ಕಟ್ಟಬೇಕಾಗಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಅಳತೆ ಟೇಪು, ಗೀಟು ಹಾಕಿದ ಕಾಗದ, ಫೋನು ಇರಲಿ. ಮನೆಯ ಹಿರಿಯರನ್ನು ಕರೆದುಕೊಂಡು ಅಂಗಳದಿಂದ ಹಿತ್ತಲಿನ ತನಕ ನಡೆಯಿರಿ, ಅವರ ಮಾತು ರೆಕಾರ್ಡ್ ಆಗುತ್ತಿರಲಿ. ಪ್ರತಿ ಜಾಗದಲ್ಲೂ ನಾಲ್ಕು ಪ್ರಶ್ನೆ: ಇದಕ್ಕೆ ಏನಂತೀರಿ? ಇಲ್ಲಿ ಯಾರು ಕೂರುತ್ತಿದ್ದರು? ಯಾರು ಬರುವ ಹಾಗಿರಲಿಲ್ಲ? ಈ ಮರ ಎಲ್ಲಿಂದ ಬಂತು? ಹಲಸು, ಹೊನ್ನೆ, ಬೀಟೆ, ತೇಗ, ಯಾವುದು ಅಂತ ಅವರಿಗೆ ಮುಟ್ಟಿದರೇ ಗೊತ್ತು. ನಕ್ಷೆ ಸೊಟ್ಟಗಿದ್ದರೂ ಅಳತೆ ಬರೆಯಿರಿ. ಊರಿನ ಬಡಗಿಯೊಬ್ಬರು ಜೊತೆಗೆ ಇದ್ದರೆ ನಿಮಗೆ ಕಾಣದ್ದು ಅವರಿಗೆ ಕಾಣುತ್ತದೆ.

ಕೆಡವುವುದು ನಿಶ್ಚಯವಾಗಿದ್ದರೆ ಜಗಳ ಬೇಡ. ಕೆಡವುವ ವಾರ ಯಾರಾದರೂ ಅಲ್ಲಿರಲಿ. ಕಂಬ, ತೊಲೆಗಳ ಮೇಲೆ ಸುಣ್ಣದಲ್ಲಿ ಸಂಖ್ಯೆ ಹಾಕಿ, ಬಿಚ್ಚಿದ ತುದಿಗಳನ್ನು ನೋಡಿ, ಏನಾದರೂ ಬರೆದಿದ್ದರೆ ಫೋಟೋ ತೆಗೆಯಿರಿ. ಮಾರುವುದಾದರೂ ಪ್ರತಿ ತುಂಡಿಗೆ ಮನೆಯ ಹೆಸರು, ಊರು, ಇಸವಿ ಬರೆದ ಚೀಟಿ ಅಂಟಿಸಿ. ಕಿತ್ತು ಹಾಕಬಹುದು, ಗೊತ್ತು. ಹತ್ತರಲ್ಲಿ ಒಂದು ಉಳಿದರೂ ಲಾಭ. ಇನ್ನು ನೀವು ಕೊಳ್ಳುವವರಾದರೆ, ರೇಟು ಕೇಳುವ ಮುಂಚೆ "ಇದು ಯಾರ ಮನೆಯದು?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ನಿಶಿ-ಕಸಾಯ್‌ನಲ್ಲಿ ಇರುವವರು, ಕವಾಸಾಕಿ ಒಂದು ಭಾನುವಾರದ ದಾರಿ. ಮಕ್ಕಳನ್ನು ಕರೆದುಕೊಂಡು ಖಂಡಿತ ಹೋಗಿ. ಒಲೆಯ ಹೊಗೆ ಬಟ್ಟೆಗೆ ಹತ್ತಿಸಿಕೊಳ್ಳಲಿ. ಪ್ರತಿ ಮನೆಯ ಮುಂದಿನ ಫಲಕದಲ್ಲಿ ಮನೆತನದ ಹೆಸರು, ಮೂಲ ಊರಿನ ಹೆಸರು ಇರುತ್ತದೆ, ಅದನ್ನು ಜೋರಾಗಿ ಓದಿಸಿ. ಆಮೇಲೆ ಅಲ್ಲೇ ಕೂತು ಊರಿಗೆ ಒಂದು ವಿಡಿಯೋ ಕಾಲ್ ಮಾಡಿ, ಅಜ್ಜಿಗೆ ಎಂಗಾವಾ ತೋರಿಸಿ, "ನಮ್ಮ ಮನೆಯಲ್ಲಿ ಇದಕ್ಕೆ ಏನಂತಿದ್ರಿ?" ಅಂತ ಮಕ್ಕಳ ಕೈಲೇ ಕೇಳಿಸಿ. ರೆಕಾರ್ಡ್ ಬಟನ್ ಒತ್ತೋದು ಮರೀಬೇಡಿ.